ಕೊಂಡ ಆಟಗಳಿಗೆ ಒಂದೊಂದು ಡಬ್ಬಿ: ಫ್ಲಾಟ್‌ಪ್ಯಾಕ್ ಮಾಡುವ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವ ಬಗೆ

ಕಳೆದ ದಸರಾ ರಜೆಗೆ ಅಕ್ಕನ ಮಗ ಅಭಿ ಸಾಗರದಿಂದ ನಮ್ಮ ಶಿವಮೊಗ್ಗದ ಮನೆಗೆ ಬಂದಿದ್ದ. ಚಪ್ಪಲಿ ಬಿಟ್ಟವನೇ ನೇರ ಕಂಪ್ಯೂಟರ್ ಮುಂದೆ ಕೂತ. ಅವನಿಗೆ ಇಷ್ಟವಾದ ಒಂದು ಪಜಲ್ ಆಟ ಅದರಲ್ಲಿದೆ. ಎರಡು ನಿಮಿಷಕ್ಕೆ ಕೂಗಿದ, "ಚಿಕ್ಕಿ, ಇದು ಓಪನ್ನೇ ಆಗ್ತಿಲ್ಲ!" ಹಿಂದಿನ ವಾರವಷ್ಟೇ ಆ ಯಂತ್ರಕ್ಕೆ ಹೊಸ ಲಿನಕ್ಸ್ ಹಾಕಿದ್ದೆ. ಟರ್ಮಿನಲ್‌ನಿಂದ ಓಡಿಸಿ ನೋಡಿದರೆ ಒಂದೇ ಸಾಲು ಬಂತು: ಓಪನ್‌ಎಸ್‌ಎಸ್‌ಎಲ್ 1.1ರ ಲೈಬ್ರರಿ ಸಿಗುತ್ತಿಲ್ಲ. ಲೈಬ್ರರಿ ಅಂದರೆ ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್, ಇದು ಮಾಹಿತಿಯನ್ನು ಗುಟ್ಟಾಗಿ ಕಳಿಸಲು ಬೇಕಾಗುವಂಥದ್ದು. ಆ ಲೈಬ್ರರಿಯ ಬೆಂಬಲ 2023ರ ಸೆಪ್ಟೆಂಬರ್‌ಗೆ ಮುಗಿಯಿತು. ಹೊಸ ಲಿನಕ್ಸ್‌ಗಳಲ್ಲಿ ಅದರ ಜಾಗಕ್ಕೆ 3 ಬಂದಿದೆ. ಆಟಕ್ಕೆ ಮಾತ್ರ ಹಳೆಯದೇ ಬೇಕು.

ನನ್ನ ಹತ್ತಿರ ಇಂಥ 31 ಆಟಗಳಿವೆ. ಎಲ್ಲ ದುಡ್ಡು ಕೊಟ್ಟು ಕೊಂಡವು, ಕಾಪಿ ತಡೆಯುವ ಡಿಆರ್‌ಎಂ ಬೀಗ ಇಲ್ಲದವು, ಹೆಚ್ಚಿನವು ಒಬ್ಬರೋ ಇಬ್ಬರೋ ಕೂತು ಮಾಡಿದವು. ದೊಡ್ಡ ಕಂಪನಿಯ ಆಟವಾದರೆ ಹೊಸ ಲಿನಕ್ಸ್ ಬಂದಾಗ ಯಾರಾದರೂ ಸರಿ ಮಾಡಿಕೊಡುತ್ತಾರೆ. ಇಬ್ಬರೇ ಇರುವ ಕಡೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು? ಅವರು ಮುಂದಿನ ಆಟಕ್ಕೆ ಹೋಗಿರುತ್ತಾರೆ, ಇಲ್ಲಾ ಆಟ ಮಾಡುವುದನ್ನೇ ಬಿಟ್ಟಿರುತ್ತಾರೆ. ಹಾಗಾಗಿ ಇವನ್ನು ಕಾಪಾಡಿಕೊಳ್ಳುವುದು ಕೊಂಡವರ ಕೆಲಸ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅದಕ್ಕೆ ನಾನು ಹಿಡಿದ ದಾರಿ ಫ್ಲಾಟ್‌ಪ್ಯಾಕ್, ಅಂದರೆ ಆಟವನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಜೋಡಿಸಿ, ಯಂತ್ರದ ಲಿನಕ್ಸ್ ಬದಲಾದರೂ ಓಡುವ ಹಾಗೆ ಡಬ್ಬಿ ಮಾಡುವ ವ್ಯವಸ್ಥೆ. ಮೊದಲ ಆಟವನ್ನು ಕೈಯಾರೆ ಫ್ಲಾಟ್‌ಪ್ಯಾಕ್ ಮಾಡಲು ಇಡೀ ಒಂದು ಭಾನುವಾರ ಹಿಡಿಯಿತು. ಎರಡನೆಯದಕ್ಕೆ ಅರ್ಧ ದಿನ. ಮೂರನೆಯದರ ಹೊತ್ತಿಗೆ ಅದೇ ನಲವತ್ತು ಸಾಲು ಕಾಪಿ ಮಾಡಿ ಆರೇಳು ಪದ ಬದಲಿಸುತ್ತಿದ್ದೇನೆ ಅಂತ ಗೊತ್ತಾಯಿತು. ಬದಲಾಗುವ ಪದಗಳನ್ನು ಒಂದು ಪಟ್ಟಿಗೆ ಹಾಕಿ, ಉಳಿದದ್ದನ್ನು ಸ್ಕ್ರಿಪ್ಟ್‌ಗೆ ಬಿಟ್ಟರೆ ಆಯ್ತು, ಅಲ್ವಾ? ಆ ದಾರಿಯನ್ನೇ ಇಲ್ಲಿ ಹೇಳುತ್ತೇನೆ. ಕಮ್ಯಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಡಬ್ಬಿಯೊಳಗೆ ಏನಿರುತ್ತೆ

ಫ್ಲಾಟ್‌ಪ್ಯಾಕ್ ಶುರು ಮಾಡಿದ್ದು ಅಲೆಕ್ಸಾಂಡರ್ ಲಾರ್ಸನ್. ಮೊದಲು ಅದಕ್ಕೆ ಎಕ್ಸ್‌ಡಿಜಿ-ಆ್ಯಪ್ ಅಂತ ಹೆಸರಿತ್ತು, 2016ರಲ್ಲಿ ಈಗಿನ ಹೆಸರು ಬಂತು. ಒಳಗೆ ಬಬಲ್‌ರ‍್ಯಾಪ್ ಅನ್ನುವ ಸಣ್ಣ ಪ್ರೋಗ್ರಾಮ್ ಕೆಲಸ ಮಾಡುತ್ತೆ. ಅದು ಆಟಕ್ಕೆ ನಮ್ಮ ಯಂತ್ರದ ಫೈಲ್‌ಗಳನ್ನು ತೋರಿಸದೆ ಬೇರೆಯೇ ಒಂದು ಜಾಗ ತೋರಿಸುತ್ತೆ. ಅಲ್ಲಿ ‘/ಯುಎಸ್‌ಆರ್’ ಅಂದರೆ ರನ್‌ಟೈಮ್, ಅಂದರೆ ಎಲ್ಲ ಆಟಕ್ಕೂ ಬೇಕಾಗುವ ಲೈಬ್ರರಿಗಳ ಗಂಟು. ‘/ಆ್ಯಪ್’ ಅಂದರೆ ನಾವು ತುಂಬಿದ ಆಟ. ಎರಡನ್ನೂ ಓದಬಹುದು, ಬರೆಯುವ ಹಾಗಿಲ್ಲ. ಆಟ ಬರೆಯುವುದೆಲ್ಲ ಹೋಮ್‌ನ ‘.ವಾರ್/ಆ್ಯಪ್’ ಒಳಗೆ, ಆ ಆಟದ ಐಡಿಯ ಹೆಸರಲ್ಲಿರುವ ಫೋಲ್ಡರ್‌ಗೆ ಹೋಗುತ್ತೆ. ಸೇವ್ ಫೈಲ್ ಬ್ಯಾಕಪ್ ಬೇಕಾ? ಆ ಒಂದು ಫೋಲ್ಡರ್ ಎತ್ತಿಟ್ಟುಕೊಂಡರೆ ಸಾಕು.

ರನ್‌ಟೈಮ್ ಆಗಿ ನಾನು ಫ್ರೀಡೆಸ್ಕ್‌ಟಾಪ್ 24.08 ಹಿಡಿದಿದ್ದೇನೆ. ಹೆಸರಲ್ಲೇ ವರ್ಷ, ತಿಂಗಳು ಎರಡೂ ಇದೆ. ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಹೊಸದು ಬರುತ್ತೆ, ಒಂದೊಂದಕ್ಕೂ ಎರಡು ವರ್ಷ ಬೆಂಬಲ ಇರುತ್ತೆ. ಬೆಂಬಲ ಮುಗಿದ ಮೇಲೂ ಹಾಕಿಕೊಂಡಿರುವ ರನ್‌ಟೈಮ್ ಓಡುತ್ತೆ, ಆದರೆ ಭದ್ರತೆಯ ತೇಪೆಗಳು ಬರುವುದಿಲ್ಲ.

ಡಬ್ಬಿ ಮಾಡುವ ಇನ್ನೊಂದು ಬಗೆ ಆ್ಯಪ್‌ಇಮೇಜ್, ಅದು ಯಾಕೆ ಬೇಡ ಅಂತ ಕೇಳಬಹುದು. ಅದೂ ಒಳ್ಳೆಯದೇ, ಒಂದೇ ಫೈಲ್. ಆದರೆ ಅದು ತಾನಾಗಿ ಬೇಲಿ ಹಾಕುವುದಿಲ್ಲ. ಅಮ್ಮನ ಫೋಟೋಗಳು, ನನ್ನ ಬ್ಯಾಂಕ್ ಪಿಡಿಎಫ್‌ಗಳು ಇರುವ ಯಂತ್ರದಲ್ಲಿ ಯಾರೋ ಕಟ್ಟಿದ, ಸೋರ್ಸ್ ಇಲ್ಲದ ಪ್ರೋಗ್ರಾಮ್ ಓಡಿಸುವಾಗ ನನಗೆ ಬೇಲಿ ಬೇಕೇ ಬೇಕು.

ಮೊದಲು ಜೋಡಿಸಿಕೊಳ್ಳಬೇಕಾದದ್ದು ಇಷ್ಟು: ಫ್ಲಾಟ್‌ಪ್ಯಾಕ್, ಡಬ್ಬಿ ಕಟ್ಟುವ ಫ್ಲಾಟ್‌ಪ್ಯಾಕ್-ಬಿಲ್ಡರ್, ಪೈಥಾನ್, ಚಿತ್ರದ ಗಾತ್ರ ಬದಲಿಸಲು ಇಮೇಜ್‌ಮ್ಯಾಜಿಕ್. ಫ್ಲಾಟ್‌ಪ್ಯಾಕ್‌ಗಳ ಭಂಡಾರವಾದ ಫ್ಲಾಟ್‌ಹಬ್ ಅನ್ನು ರಿಮೋಟ್ ಆಗಿ ಸೇರಿಸಿ, ಅಲ್ಲಿಂದ 24.08ರ ಪ್ಲಾಟ್‌ಫಾರ್ಮ್ (ಓಡಿಸಲು ಬೇಕಾದ ರನ್‌ಟೈಮ್) ಮತ್ತು ಎಸ್‌ಡಿಕೆ (ಕಟ್ಟಲು ಬೇಕಾದ ಸಾಮಾನು) ಎರಡನ್ನೂ ಇಳಿಸಿಕೊಳ್ಳಿ. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಇಟ್ಟುಕೊಳ್ಳಿ. ಇನ್‌ಸ್ಟಾಲರ್, ಬಿಚ್ಚಿದ ಆಟ, ಬಿಲ್ಡರ್‌ನ ಕ್ಯಾಶ್, ಕಟ್ಟಿದ ಡಬ್ಬಿಗಳನ್ನು ಇಡುವ ರೆಪೊ ಎಲ್ಲ ಸೇರಿ ಆಟದ ಗಾತ್ರದ ನಾಲ್ಕು ಪಟ್ಟು ಬೇಕಾಗುತ್ತೆ. ಬಿಲ್ಡ್ ಫೋಲ್ಡರ್, ಬಿಲ್ಡರ್ ತಾನೇ ಮಾಡಿಕೊಳ್ಳುವ ‘.ಫ್ಲಾಟ್‌ಪ್ಯಾಕ್-ಬಿಲ್ಡರ್’ ಫೋಲ್ಡರ್ ಎರಡೂ ಒಂದೇ ಡಿಸ್ಕ್ ಭಾಗದಲ್ಲಿರಲಿ. ಒಂದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಹೋಮ್‌ನಲ್ಲಿ ಇದ್ದರೆ ಬಿಲ್ಡರ್ ಶುರುವಿಗೇ ನಿಲ್ಲುತ್ತೆ.

ಇನ್‌ಸ್ಟಾಲರ್ ಬಿಚ್ಚುವುದು

ಜಿಒಜಿ ಅನ್ನುವ ಆಟ ಮಾರುವ ತಾಣದಲ್ಲಿ ಕೊಂಡ ಲಿನಕ್ಸ್ ಆಟ ‘.ಎಸ್‌ಎಚ್’ ಅಂತ ಮುಗಿಯುವ ಒಂದೇ ದೊಡ್ಡ ಫೈಲ್ ಆಗಿ ಬರುತ್ತೆ. ಎರಡು ಸಲ ಒತ್ತಿದರೆ ಮೋಜೋಸೆಟಪ್ ಅನ್ನುವ ಇನ್‌ಸ್ಟಾಲರ್ ಕಿಟಕಿ ತೆರೆಯುತ್ತೆ. ಸ್ಕ್ರಿಪ್ಟ್‌ಗೆ ಆ ಕಿಟಕಿ ಬೇಡ. ಆ ಫೈಲ್‌ನ ತಲೆಯಲ್ಲಿ ಶೆಲ್ ಸ್ಕ್ರಿಪ್ಟ್ ಇದೆ, ಬಾಲದಲ್ಲಿ ಇರುವುದು ಮಾಮೂಲಿ ಜಿಪ್. ಹಾಗಾಗಿ ‘ಅನ್‌ಜಿಪ್’ ಕಮ್ಯಾಂಡ್‌ಗೆ ನೇರ ಕೊಟ್ಟರೆ ಬಿಚ್ಚಿಕೊಳ್ಳುತ್ತೆ.

ಇಲ್ಲೊಂದು ಕಡೆ ನನ್ನ ಸ್ಕ್ರಿಪ್ಟ್ ಒಂದು ಇಡೀ ಸಂಜೆ ತಿಂದಿತು. ಜಿಪ್‌ಗೆ ಮುಂಚೆ ಬೇರೆ ಏನೋ ಇದೆಯಲ್ಲ, ಅದಕ್ಕೆ ‘ಅನ್‌ಜಿಪ್’ ಒಂದು ಎಚ್ಚರಿಕೆ ಕೊಡುತ್ತೆ. ಎಲ್ಲ ಫೈಲ್ ಸರಿಯಾಗಿ ಬಿಚ್ಚಿದರೂ ಹೊರಡುವಾಗ 1 ಅಂತ ಹೇಳಿ ಹೋಗುತ್ತೆ. ‘ಸೆಟ್ -ಇ’ ಹಾಕಿದ ಶೆಲ್ ಸ್ಕ್ರಿಪ್ಟ್‌ಗೆ 1 ಅಂದರೆ ಸೋಲು, ಅದು ಅಲ್ಲೇ ನಿಲ್ಲುತ್ತೆ. ಪರದೆ ಮೇಲೆ ದೋಷ ಅಂತ ಏನೂ ಇಲ್ಲ, ಆಟ ಮಾತ್ರ ಮುಂದಕ್ಕೆ ಹೋಗಿಲ್ಲ! ಈಗ 0 ಮತ್ತು 1 ಎರಡನ್ನೂ ಗೆಲುವು ಅಂತ ತಗೊಳ್ಳುತ್ತೇನೆ. 2 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಸೋಲು.

ಬಿಚ್ಚಿದ ಮೇಲೆ ‘ಡೇಟಾ/ನೋಆರ್ಚ್’ ಅಂತ ಫೋಲ್ಡರ್ ಸಿಗುತ್ತೆ. ಅದರೊಳಗಿನ ‘ಗೇಮ್’ ಫೋಲ್ಡರ್‌ನಲ್ಲಿ ಆಟ, ‘ಸಪೋರ್ಟ್’ ಫೋಲ್ಡರ್‌ನಲ್ಲಿ ಐಕಾನ್ ಇರುತ್ತೆ. ಪಕ್ಕದಲ್ಲೇ ‘ಗೇಮ್‌ಇನ್ಫೋ’ ಅನ್ನುವ ಪುಟ್ಟ ಫೈಲ್ ಇರುತ್ತೆ. ಅದರ ಮೊದಲ ಸಾಲು ಆಟದ ಹೆಸರು, ಎರಡನೇ ಸಾಲು ವರ್ಶನ್. ನನಗೆ ಇದು ಚಿನ್ನ. ಹೆಸರು, ವರ್ಶನ್, ಐಕಾನ್ ಮೂರೂ ಕೈಯಲ್ಲಿ ಬರೆಯದೇ ಸಿಕ್ಕವು.

ಇಚ್ ತಾಣದಿಂದ ಕೊಂಡವು ಹಾಗಲ್ಲ. ಸುಮ್ನೆ ಒಂದು ಜಿಪ್ಪೋ ಟಾರೋ ಬರುತ್ತೆ, ಒಳಗೆ ಮಾಡಿದವರ ಇಷ್ಟದಂತೆ ಜೋಡಣೆ. ಕೆಲವರು ವಿಂಡೋಸ್‌ನಲ್ಲಿ ಕೂತು ಜಿಪ್ ಮಾಡಿರುತ್ತಾರೆ, ಆಗ ಓಡಿಸುವ ಅನುಮತಿ ಕಳೆದುಹೋಗಿರುತ್ತೆ. ಹಾಗಾಗಿ ಶುರು ಮಾಡುವ ಫೈಲ್‌ಗೆ ‘ಸಿಎಚ್‌ಮಾಡ್ +ಎಕ್ಸ್’ ಹಾಕುವುದನ್ನು ಎಲ್ಲ ಆಟಕ್ಕೂ ಮಾಡಿಬಿಡಿ. ಇದ್ದರೂ ನಷ್ಟವಿಲ್ಲ.

ಎಲ್ಲಿಂದ ಬಂದರೂ ಕೊನೆಗೆ ಒಂದೇ ರೂಪಕ್ಕೆ ತರುತ್ತೇನೆ. ಆಟದ ಫೈಲ್‌ಗಳೆಲ್ಲ ‘ಗೇಮ್’ ಅನ್ನುವ ಒಂದು ಫೋಲ್ಡರ್‌ನಲ್ಲಿ, ಆ ಫೋಲ್ಡರ್ ಒಂದು ಟಾರ್ ಫೈಲ್‌ನಲ್ಲಿ, ಆ ಟಾರ್‌ನ ಎಸ್‌ಎಚ್‌ಎ-256 (ಫೈಲ್‌ನ ಬೆರಳಚ್ಚಿನಂಥ ಲೆಕ್ಕ) ಪಟ್ಟಿಯಲ್ಲಿ. ಮೊದಮೊದಲು ಟಾರ್ ಮಾಡದೆ ಫೋಲ್ಡರ್ ಅನ್ನೇ ಬಿಲ್ಡರ್‌ಗೆ ಕೊಡುತ್ತಿದ್ದೆ. ಸೋರ್ಸ್‌ನ ಟೈಪ್ ‘ಡಿರ್’ ಆಗಿದ್ದರೆ ಬಿಲ್ಡರ್ ಅದರ ಲೆಕ್ಕ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತೆ. ‘ಆರ್ಕೈವ್’ ಟೈಪ್ ಮತ್ತು ಎಸ್‌ಎಚ್‌ಎ-256 ಕೊಟ್ಟರೆ ಬದಲಾಗದ ಆಟವನ್ನು ಕ್ಯಾಶ್‌ನಿಂದ ಎತ್ತಿಕೊಳ್ಳುತ್ತೆ. ಮೂವತ್ತೊಂದು ಆಟ ಇರುವಾಗ ಈ ಒಂದು ಬದಲಾವಣೆಯ ಬೆಲೆ ಗೊತ್ತಾಗುತ್ತೆ.

ಪಟ್ಟಿ

ಪಟ್ಟಿ ಅಂದರೆ ಯಾಮಲ್ ಅನ್ನುವ ಸರಳ ರೂಪದ ಒಂದು ಪಠ್ಯ ಫೈಲ್. ಒಂದು ಆಟಕ್ಕೆ ಹತ್ತು ಸಾಲೂ ಇಲ್ಲ. ಐಡಿ, ಇಂಗ್ಲಿಷ್ ಹೆಸರು, ಕನ್ನಡ ಹೆಸರು, ಎಂಜಿನ್ (ಆಟ ಮಾಡಲು ಬಳಸಿದ ತಂತ್ರಾಂಶ), ಶುರು ಮಾಡುವ ಫೈಲ್, ಟಾರ್‌ನ ಎಸ್‌ಎಚ್‌ಎ-256, ನೆಟ್‌ವರ್ಕ್ ಬೇಕೋ ಬೇಡವೋ, ಗೇಮ್‌ಪ್ಯಾಡ್ ಬೇಕೋ ಬೇಡವೋ, ಸೇವ್ ಫೈಲ್ ಎಲ್ಲಿ ಬರೆಯುತ್ತೆ.

ಐಡಿಗೆ ನಿಯಮ ಇದೆ. ಚುಕ್ಕೆ ಇಟ್ಟು ಬೇರೆ ಮಾಡಿದ ಕನಿಷ್ಠ ಮೂರು ತುಂಡು ಬೇಕು. ಯಾವ ತುಂಡೂ ಅಂಕಿಯಿಂದ ಶುರುವಾಗಬಾರದು. ಅಡ್ಡಗೆರೆ ಕೊನೆಯ ತುಂಡಿನಲ್ಲಿ ಮಾತ್ರ ನಡೆಯುತ್ತೆ. ಹೆಸರು ಅಂಕಿಯಿಂದಲೇ ಶುರುವಾಗುವ ಆಟ ನನ್ನಲ್ಲಿ ಎರಡಿವೆ, ಅವಕ್ಕೆ ಅಂಕಿಯ ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸುತ್ತೇನೆ. ಇನ್ನೊಂದು ಮಾತು. ಆಟ ಮಾಡಿದವರ ಡೊಮೇನ್ ಹೆಸರನ್ನು ಐಡಿಗೆ ಬಳಸಬೇಡಿ. ಅದು ಅವರದ್ದು. ನಾಳೆ ಅವರೇ ಫ್ಲಾಟ್‌ಹಬ್‌ಗೆ ಬಂದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ನನ್ನವೆಲ್ಲ ‘ಲೋಕಲ್.ಆಟ’ ಅಂತ ಶುರುವಾಗುತ್ತವೆ.

ಎಂಜಿನ್ ಯಾವುದು ಅಂತ ಬಹಳ ಸಲ ಸ್ಕ್ರಿಪ್ಟೇ ಕಂಡುಹಿಡಿಯುತ್ತೆ. ‘ಯೂನಿಟಿಪ್ಲೇಯರ್.ಎಸ್‌ಒ’ ಅಥವಾ ‘_ಡೇಟಾ’ ಅಂತ ಮುಗಿಯುವ ಫೋಲ್ಡರ್ ಕಂಡರೆ ಯೂನಿಟಿ. ‘.ಪಿಸಿಕೆ’ ಫೈಲ್ ಕಂಡರೆ ಗೊಡಾಟ್. ‘ರೆನ್‌ಪೈ’ ಫೋಲ್ಡರ್ ಇದ್ದರೆ ರೆನ್‌ಪೈ. ‘.ಲವ್’ ಫೈಲ್ ಇದ್ದರೆ ಲವ್ ಎಂಜಿನ್. ಯಾವುದೂ ಸಿಗದಿದ್ದರೆ ‘ಇತರೆ’ ಅಂತ ಬರೆದು ನನಗೆ ಬಿಡುತ್ತೆ. 31ರಲ್ಲಿ ಐದನ್ನು ಮಾತ್ರ ನಾನು ಕೈಯಾರೆ ನೋಡಬೇಕಾಯಿತು.

ಎಂಜಿನ್ ಗೊತ್ತಾದರೆ ಸೇವ್ ಫೈಲ್ ಜಾಗವೂ ಗೊತ್ತಾಗುತ್ತೆ. ಗೊಡಾಟ್ ಮತ್ತು ಯೂನಿಟಿ ಎರಡೂ ಎಕ್ಸ್‌ಡಿಜಿ ಅನ್ನುವ ಲಿನಕ್ಸ್ ಪದ್ಧತಿ ಪಾಲಿಸುತ್ತವೆ. ಫ್ಲಾಟ್‌ಪ್ಯಾಕ್ ಆ ವೇರಿಯಬಲ್‌ಗಳನ್ನು ಡಬ್ಬಿಯ ಜಾಗಕ್ಕೆ ತಿರುಗಿಸಿರುತ್ತೆ, ನಾವೇನೂ ಮಾಡಬೇಕಿಲ್ಲ. ರೆನ್‌ಪೈ ಆಟಗಳು ಹೋಮ್‌ನಲ್ಲಿ ‘.ರೆನ್‌ಪೈ’ ಫೋಲ್ಡರ್ ಹುಡುಕುತ್ತವೆ. ಅವಕ್ಕೆ ‘--ಪರ್ಸಿಸ್ಟ್=.ರೆನ್‌ಪೈ’ ಅಂತ ಕೊಟ್ಟರೆ ಆಟಕ್ಕೆ ಅದು ಹೋಮ್‌ನಲ್ಲಿ ಇದ್ದಂತೆ ಕಾಣುತ್ತೆ, ನಿಜವಾಗಿ ಡಬ್ಬಿಯ ಫೋಲ್ಡರ್‌ನಲ್ಲಿ ಇರುತ್ತೆ.

ಕಷ್ಟ ಕೊಡುವುದು ತನ್ನ ಪಕ್ಕದಲ್ಲೇ ಸೇವ್ ಬರೆಯುವ ಆಟ. ‘/ಆ್ಯಪ್’ ಒಳಗೆ ಬರೆಯುವ ಹಾಗಿಲ್ಲವಲ್ಲ. ಅಂಥ ಒಂದು ಆಟವನ್ನು ಅಭಿ ಒಂದೂವರೆ ಗಂಟೆ ಆಡಿ, ಮುಚ್ಚಿ, ಮತ್ತೆ ತೆರೆದರೆ ಮೊದಲ ಹಂತಕ್ಕೆ ಬಂದು ನಿಂತಿತ್ತು. ಪಾಪ, ಅವನ ಮುಖ ನೋಡಲಾಗಲಿಲ್ಲ. ಆವತ್ತು ರಾತ್ರಿಯೇ ಸರಿ ಮಾಡಿದೆ. ಡಬ್ಬಿಯೊಳಗೆ ‘/ವಾರ್/ಡೇಟಾ’ ಅನ್ನುವ ಜಾಗ ಬರೆಯಲು ತೆರೆದಿರುತ್ತೆ. ಕಟ್ಟುವಾಗಲೇ ಆಟದ ‘ಸೇವ್ಸ್’ ಫೋಲ್ಡರ್ ತೆಗೆದು ಅದೇ ಹೆಸರಲ್ಲಿ ‘/ವಾರ್/ಡೇಟಾ/ಸೇವ್ಸ್’ ಕಡೆಗೆ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕಳಿಸುವ ಕೊಂಡಿ) ಹಾಕಬೇಕು. ಆಟ ಶುರುವಾಗುವ ಮುಂಚೆ ‘ಎಂಕೆಡಿರ್ -ಪಿ’ಯಿಂದ ಆ ಫೋಲ್ಡರ್ ಮಾಡಿರಬೇಕು. ಆಟಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಮ್ಯಾನಿಫೆಸ್ಟ್ ಅಚ್ಚು

ಮ್ಯಾನಿಫೆಸ್ಟ್ ಅಂದರೆ ಡಬ್ಬಿಯನ್ನು ಹೇಗೆ ಕಟ್ಟಬೇಕು ಅಂತ ಬಿಲ್ಡರ್‌ಗೆ ಹೇಳುವ ಫೈಲ್. ಪೈಥಾನ್ ಸ್ಕ್ರಿಪ್ಟ್ ಪಟ್ಟಿಯ ಒಂದೊಂದು ಆಟವನ್ನೂ ಓದಿ ಅದನ್ನು ಜೇಸನ್ ರೂಪದಲ್ಲಿ ಬರೆಯುತ್ತೆ. ಐಡಿ, ರನ್‌ಟೈಮ್, ರನ್‌ಟೈಮ್ ವರ್ಶನ್, ಎಸ್‌ಡಿಕೆ, ಕಮ್ಯಾಂಡ್, ಫಿನಿಶ್-ಆರ್ಗ್ಸ್, ಮಾಡ್ಯೂಲ್ಸ್. ಇಷ್ಟೇ ಮೇಲಿನ ಕೀಲಿಗಳು. ಮಾಡ್ಯೂಲ್ ಒಂದೇ, ಬಿಲ್ಡ್‌ಸಿಸ್ಟಮ್ ‘ಸಿಂಪಲ್’. ಕಟ್ಟಲು ಏನೂ ಇಲ್ಲ, ಫೈಲ್‌ಗಳನ್ನು ಅದರದರ ಜಾಗಕ್ಕೆ ಇಡುವುದಷ್ಟೇ.

ಎಲ್ಲ ಆಟವೂ ‘/ಆ್ಯಪ್/ಗೇಮ್’ಗೇ ಹೋಗಲಿ, ಎಲ್ಲದರ ಕಮ್ಯಾಂಡ್ ಹೆಸರೂ ‘ಪ್ಲೇ’ ಆಗಿರಲಿ. ಒಂದು ಡಬ್ಬಿಗೆ ಇನ್ನೊಂದು ಡಬ್ಬಿ ಕಾಣುವುದಿಲ್ಲ, ಹಾಗಾಗಿ ಹೆಸರು ಒಂದೇ ಆದರೂ ಜಗಳವಿಲ್ಲ. ಇದರಿಂದ ಅಚ್ಚು ತುಂಬ ಸರಳವಾಗುತ್ತೆ. ‘ಪ್ಲೇ’ ಅನ್ನುವುದು ಪುಟ್ಟ ಶೆಲ್ ಸ್ಕ್ರಿಪ್ಟ್: ‘/ಆ್ಯಪ್/ಗೇಮ್’ಗೆ ಸಿಡಿ ಮಾಡುತ್ತೆ, ಬೇಕಾದರೆ ಸೇವ್ ಫೋಲ್ಡರ್ ಮಾಡುತ್ತೆ, ಆಮೇಲೆ ‘ಎಕ್ಸೆಕ್’ನಿಂದ ಆಟಕ್ಕೆ ದಾರಿ ಬಿಡುತ್ತೆ. ಸಿಡಿ ಮರೆಯಬೇಡಿ. ಎಷ್ಟೋ ಆಟಗಳು ತಮ್ಮ ಚಿತ್ರ, ಸದ್ದುಗಳನ್ನು ನಿಂತ ಜಾಗದಿಂದಲೇ ಹುಡುಕುತ್ತವೆ. ಶುರು ಮಾಡುವ ಫೈಲ್ ಹೆಸರಿನ ಸುತ್ತ ಉದ್ಧರಣ ಚಿಹ್ನೆ ಇರಲಿ, ಹೆಸರಲ್ಲಿ ಜಾಗ ಬಿಟ್ಟಿರುವ ಆಟ ಬೇಕಾದಷ್ಟಿವೆ.

ಈಗ ಅತಿ ಮುಖ್ಯವಾದ ಎರಡು ಸಾಲು. ಬಿಲ್ಡ್-ಆಪ್ಷನ್ಸ್‌ನಲ್ಲಿ ‘ಸ್ಟ್ರಿಪ್’ ಅನ್ನು ಫಾಲ್ಸ್ ಮಾಡಿ, ‘ನೋ-ಡೀಬಗ್‌ಇನ್ಫೋ’ವನ್ನು ಟ್ರೂ ಮಾಡಿ. ನಾನು ಇದನ್ನು ಹಾಕದೆ ಒಂದು ಲವ್ ಎಂಜಿನ್ ಆಟ ಕಟ್ಟಿದ್ದೆ. ದೋಷ ಏನೂ ಬರಲಿಲ್ಲ. ಓಡಿಸಿದರೆ ಆಟದ ಬದಲು ಎಂಜಿನ್‌ನ ‘ನೋ ಗೇಮ್’ ಪರದೆ ಬಂತು. ಟಾರ್ ತೆಗೆದು ನೋಡಿದೆ, ಸರಿ ಇದೆ. ಹೊರಗೆ ಓಡಿಸಿದೆ, ಓಡಿತು. ಕೊನೆಗೆ ‘ಎಲ್‌ಎಸ್ -ಎಲ್’ ಹೊಡೆದು ಗಾತ್ರ ಹೋಲಿಸಿದೆ. ಹೊರಗಿನ ಫೈಲ್‌ಗಿಂತ ಡಬ್ಬಿಯ ಫೈಲ್ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ!

ಆದದ್ದು ಇಷ್ಟು. ಆ ಆಟ ಮಾಡಿದವರು ಎಂಜಿನ್‌ನ ಬೈನರಿಯ (ಓಡುವ ಫೈಲ್‌ನ) ಬಾಲಕ್ಕೆ ಆಟದ ಫೈಲ್ ಅಂಟಿಸಿ ಒಂದೇ ಫೈಲ್ ಮಾಡಿದ್ದರು. ಅದು ಒಪ್ಪಿತವಾದ ಪದ್ಧತಿಯೇ. ಫ್ಲಾಟ್‌ಪ್ಯಾಕ್-ಬಿಲ್ಡರ್ ಕೊನೆಯಲ್ಲಿ ಎಲ್ಲ ಬೈನರಿಗಳಿಂದ ಡೀಬಗ್ ಮಾಹಿತಿ (ತಪ್ಪು ಹುಡುಕಲು ಬೇಕಾಗುವಂಥದ್ದು) ಬೇರೆ ಮಾಡುತ್ತೆ. ಹಾಗೆ ಮಾಡುವಾಗ ಬೈನರಿಯ ಲೆಕ್ಕಕ್ಕೆ ಸೇರದ ಬಾಲ ಉದುರಿಹೋಗುತ್ತೆ. ಅಂದರೆ ಎಂಜಿನ್ ಉಳಿಯಿತು, ಆಟ ಹೋಯಿತು. ನಾವು ಕಟ್ಟದ, ಬೇರೆಯವರು ಕೊಟ್ಟ ಬೈನರಿಯನ್ನು ಹೇಗಿದೆಯೋ ಹಾಗೆ ಇಡಬೇಕು. ಈ ಎರಡು ಸಾಲು ಎಲ್ಲ ಎಂಜಿನ್‌ನ ಅಚ್ಚಿನಲ್ಲೂ ಇರಲಿ.

ಶುರುವಿನಲ್ಲಿ ಹೇಳಿದ ಪಜಲ್ ಆಟಕ್ಕೆ ಬೇಕಾದ ಹಳೇ ಓಪನ್‌ಎಸ್‌ಎಸ್‌ಎಲ್ 24.08ರಲ್ಲೂ ಇಲ್ಲ. ಅದನ್ನು ಸೋರ್ಸ್‌ನಿಂದ ಕಟ್ಟಿ ‘/ಆ್ಯಪ್/ಲಿಬ್’ನಲ್ಲಿ ಇಡುವ ಇನ್ನೊಂದು ಮಾಡ್ಯೂಲ್ ಸೇರಿಸಿದೆ. ‘/ಆ್ಯಪ್/ಲಿಬ್’ನಲ್ಲಿ ಇಟ್ಟ ಲೈಬ್ರರಿಯನ್ನು ಆಟ ತಾನಾಗಿ ಕಂಡುಕೊಳ್ಳುತ್ತೆ. ಬೆಂಬಲ ಮುಗಿದ ಲೈಬ್ರರಿ ಇಟ್ಟುಕೊಳ್ಳಬಹುದಾ ಅಂತ ನನಗೂ ಅಳುಕಿತ್ತು. ಆ ಆಟಕ್ಕೆ ನೆಟ್‌ವರ್ಕನ್ನೇ ಕೊಟ್ಟಿಲ್ಲ, ಆದ್ದರಿಂದ ಒಪ್ಪಿಕೊಂಡೆ. ನೆಟ್‌ವರ್ಕ್ ಬೇಕಾದ ಆಟವಾಗಿದ್ದರೆ ಒಪ್ಪುತ್ತಿರಲಿಲ್ಲ.

ಯಾವ ಬಾಗಿಲು ತೆಗೆಯಬೇಕು

ಅನುಮತಿಗಳನ್ನು ಸೊನ್ನೆಯಿಂದ ಶುರು ಮಾಡಿ, ಒಂದೊಂದಾಗಿ ಸೇರಿಸಿ. ಎಲ್ಲ ಕೊಟ್ಟು ಆಮೇಲೆ ಕಡಿಮೆ ಮಾಡೋಣ ಅಂದುಕೊಂಡರೆ ಆ ‘ಆಮೇಲೆ’ ಬರುವುದೇ ಇಲ್ಲ. ನನ್ನ ಅಚ್ಚಿನಲ್ಲಿ ಎಲ್ಲ ಆಟಕ್ಕೂ ಇರುವವು ‘--ಡಿವೈಸ್=ಡಿಆರ್‌ಐ’, ‘--ಸಾಕೆಟ್=ಪಲ್ಸ್‌ಆಡಿಯೋ’, ‘--ಶೇರ್=ಐಪಿಸಿ’ ಮತ್ತು ಪರದೆಯ ಸಾಕೆಟ್. ಮೊದಲನೆಯದು ಗ್ರಾಫಿಕ್ಸ್‌ಗೆ, ಎರಡನೆಯದು ಸದ್ದಿಗೆ, ಮೂರನೆಯದು ಪರದೆಗೆ ಕಿಟಕಿ ತರುವ ಹಳೇ ವ್ಯವಸ್ಥೆಯಾದ ಎಕ್ಸ್11 ಚುರುಕಾಗಿ ನಡೆಯಲು. ಫೈಲ್‌ಸಿಸ್ಟಮ್ ಅನುಮತಿ ಯಾವ ಆಟಕ್ಕೂ ಸುಮ್ನೆ ಕೊಡುವುದಿಲ್ಲ. ‘--ಶೇರ್=ನೆಟ್‌ವರ್ಕ್’ ಇರುವುದು ಮೂರು ಆಟಕ್ಕೆ, ಮೂರೂ ಇಬ್ಬರು ಬೇರೆ ಬೇರೆ ಮನೆಯಿಂದ ಕೂಡಿ ಆಡುವಂಥವು.

ಪರದೆ ವಿಷಯದಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೋಗಿ. ಎಕ್ಸ್11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್. ಅದರ ಜೊತೆ ‘ಫಾಲ್‌ಬ್ಯಾಕ್-ಎಕ್ಸ್11’ ಕೊಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಹೊಸ ಆಟಕ್ಕೆ ಅದು ಸರಿ. ಆದರೆ ಅದರ ಅರ್ಥ, ವೇಲ್ಯಾಂಡ್ ಸಿಕ್ಕರೆ ಎಕ್ಸ್11 ಕೊಡಬೇಡ ಅಂತ. ಎಕ್ಸ್11 ಬಿಟ್ಟು ಬೇರೇನೂ ಗೊತ್ತಿಲ್ಲದ ಹಳೇ ಆಟಕ್ಕೆ ವೇಲ್ಯಾಂಡ್ ಡೆಸ್ಕ್‌ಟಾಪ್‌ನಲ್ಲಿ ಪರದೆಯೇ ಸಿಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ‘ಹಳೆಯದು’ ಅಂತ ಗುರುತಿದ್ದರೆ ನೇರ ‘--ಸಾಕೆಟ್=ಎಕ್ಸ್11’ ಕೊಡುತ್ತೇನೆ. ಎಕ್ಸ್11ನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದು ಕಿಟಕಿಯಲ್ಲಿ ಟೈಪ್ ಮಾಡಿದ್ದನ್ನು ಕದ್ದು ನೋಡಬಹುದು. ಬೇಲಿಯಲ್ಲಿ ಅದೊಂದು ಕಿಂಡಿ. ನೆಟ್‌ವರ್ಕ್ ಇಲ್ಲದ ಆಟ ನೋಡಿದ್ದನ್ನು ನೇರವಾಗಿ ಹೊರಗೆ ಕಳಿಸಲಾರದು ಅನ್ನುವ ಧೈರ್ಯದ ಮೇಲೆ ಬಿಟ್ಟಿದ್ದೇನೆ.

ಗೇಮ್‌ಪ್ಯಾಡ್‌ಗೆ ಹಿಂದೆ ‘--ಡಿವೈಸ್=ಆಲ್’ ಕೊಡಬೇಕಿತ್ತು. ಒಂದು ಜಾಯ್‌ಸ್ಟಿಕ್‌ಗೋಸ್ಕರ ವೆಬ್‌ಕ್ಯಾಮ್‌ವರೆಗೆ ಎಲ್ಲ ತೆಗೆದಿಟ್ಟಂತೆ ಆಗುತ್ತಿತ್ತು. 2025ರ ಜನವರಿಯಲ್ಲಿ ಬಂದ ಫ್ಲಾಟ್‌ಪ್ಯಾಕ್ 1.16ರಲ್ಲಿ ‘--ಡಿವೈಸ್=ಇನ್‌ಪುಟ್’ ಇದೆ. ನಿಮ್ಮದು 1.16 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಅದನ್ನೇ ಬಳಸಿ. ಹಳೇ ಆಟಕ್ಕೆ ಆಗಲೂ ಗೇಮ್‌ಪ್ಯಾಡ್ ಕಾಣದಿದ್ದರೆ ‘/ರನ್/ಯುಡೆವ್’ ಅನ್ನು ಓದಲು ಮಾತ್ರ ತೆಗೆದು ನೋಡಿ.

ಬೇಲಿ ನಿಂತಿದೆಯಾ ಅಂತ ಕಣ್ಣಾರೆ ನೋಡುವುದು ಸುಲಭ. ‘ಫ್ಲಾಟ್‌ಪ್ಯಾಕ್ ರನ್ --ಕಮ್ಯಾಂಡ್=ಎಸ್‌ಎಚ್’ ಅಂತ ಕೊಟ್ಟು ಮುಂದೆ ಐಡಿ ಬರೆದರೆ ಡಬ್ಬಿಯೊಳಗೆ ಒಂದು ಶೆಲ್ ತೆರೆಯುತ್ತೆ. ಅಲ್ಲಿ ಹೋಮ್‌ಗೆ ಹೋಗಿ ‘ಎಲ್‌ಎಸ್’ ಹೊಡೆದೆ. ಅಮ್ಮನ ‘ಫೋಟೋ’ ಫೋಲ್ಡರ್ ಇಲ್ಲ, ‘ಬ್ಯಾಂಕ್’ ಇಲ್ಲ, ‘ಡೌನ್‌ಲೋಡ್ಸ್’ ಇಲ್ಲ. ಅದನ್ನು ನೋಡಿದ ಮೇಲೆ ನನಗೆ ನಿಜವಾಗಿ ಸಮಾಧಾನ ಆಯಿತು.

ಮೆನುವಿನಲ್ಲಿ ಕನ್ನಡ ಹೆಸರು

ಡೆಸ್ಕ್‌ಟಾಪ್ ಫೈಲ್ ಮತ್ತು ಐಕಾನ್ ಎರಡರ ಹೆಸರೂ ಐಡಿಯೇ ಆಗಿರಬೇಕು, ಇಲ್ಲದಿದ್ದರೆ ಹೊರಗಿನ ಮೆನುವಿಗೆ ಬರುವುದಿಲ್ಲ. ಐಕಾನ್ 512 ಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಕೊನೇ ಹಂತದಲ್ಲಿ ತಿರಸ್ಕಾರವಾಗುತ್ತೆ. ಹತ್ತು ನಿಮಿಷ ಕಟ್ಟಿದ ಮೇಲೆ ಹಾಗಾದರೆ ಬೇಜಾರು. ಸ್ಕ್ರಿಪ್ಟ್‌ನಲ್ಲಿ ಮೊದಲೇ ಎಲ್ಲವನ್ನೂ 256ಕ್ಕೆ ಇಳಿಸಿಬಿಡಿ.

ನಮ್ಮ ಮನೆಯ ಡೆಸ್ಕ್‌ಟಾಪ್ ಕನ್ನಡದಲ್ಲಿದೆ, ಅಮ್ಮನಿಗೋಸ್ಕರ. ಡೆಸ್ಕ್‌ಟಾಪ್ ಫೈಲ್‌ನಲ್ಲಿ ‘ನೇಮ್’ ಕೀಲಿಯ ಪಕ್ಕ ಚೌಕ ಆವರಣದಲ್ಲಿ ‘ಕೆಎನ್’ ಹಾಕಿ ಇನ್ನೊಂದು ಸಾಲು ಬರೆದರೆ ಮೆನುವಿನಲ್ಲಿ ಕನ್ನಡ ಹೆಸರು ಬರುತ್ತೆ. ಪಟ್ಟಿಯಲ್ಲಿ ಕನ್ನಡ ಹೆಸರಿನ ಸಾಲು ಇರುವುದು ಇದಕ್ಕೇ. ಅಮ್ಮ ಆಡುವ ಇಸ್ಪೀಟಿನ ಆಟಕ್ಕೆ ‘ಅಮ್ಮನ ಇಸ್ಪೀಟು’ ಅಂತಲೇ ಹೆಸರಿಟ್ಟಿದ್ದೇನೆ. ಈಗ ಅವರು ಯಾರನ್ನೂ ಕೇಳದೆ ತಾವೇ ತೆಗೆಯುತ್ತಾರೆ.

ರಾತ್ರಿ ಓಟ

ಉಳಿದದ್ದು ಒಂದು ಲೂಪ್. ಪ್ರತಿ ಆಟಕ್ಕೂ ‘ಫ್ಲಾಟ್‌ಪ್ಯಾಕ್-ಬಿಲ್ಡರ್’ ಅನ್ನು ‘--ಫೋರ್ಸ್-ಕ್ಲೀನ್’ ಮತ್ತು ‘--ರೆಪೊ’ ಜೊತೆ ಕರೆಯುತ್ತೆ. ಒಂದು ಆಟ ಸೋತರೆ ಉಳಿದವು ನಿಲ್ಲಬಾರದು. ಸೋತದ್ದರ ಲಾಗ್ ಬೇರೆ ಫೈಲ್‌ಗೆ ಬರೆದು ಮುಂದಕ್ಕೆ ಹೋಗಲಿ. ಮಳೆಗಾಲದಲ್ಲಿ ನಮ್ಮಲ್ಲಿ ಯಾವಾಗ ಕರೆಂಟ್ ಹೋಗುತ್ತೋ ಹೇಳಲಾಗುವುದಿಲ್ಲ. ಹಾಗಾಗಿ ಒಂದು ಆಟ ಮುಗಿದ ಕೂಡಲೇ ಅದರ ಐಡಿ ಮತ್ತು ಮ್ಯಾನಿಫೆಸ್ಟ್‌ನ ಎಸ್‌ಎಚ್‌ಎ-256 ಅನ್ನು ‘ಮುಗಿದವು’ ಫೈಲ್‌ಗೆ ಬರೆಯುತ್ತೇನೆ. ಟಾರ್‌ನ ಲೆಕ್ಕ ಮ್ಯಾನಿಫೆಸ್ಟ್ ಒಳಗೇ ಇರುವುದರಿಂದ ಯಾವುದು ಬದಲಾದರೂ ಇದು ಬದಲಾಗುತ್ತೆ. ಕರೆಂಟ್ ಬಂದ ಮೇಲೆ ಮತ್ತೆ ಓಡಿಸಿದರೆ ಬಿಟ್ಟಲ್ಲಿಂದ ಶುರುವಾಗುತ್ತೆ.

ಕಟ್ಟಿದ್ದು ಓಡುತ್ತಾ ಅಂತ ನೋಡುವುದನ್ನೂ ಸ್ಕ್ರಿಪ್ಟೇ ಮಾಡಲಿ. ಮೊದಲು ರೆಪೊದಿಂದ ಆಟ ಹಾಕಿಕೊಂಡು, ಮೊದಲು ‘ಟೈಮ್‌ಔಟ್ 20’, ಅದರ ನಂತರ ‘ಫ್ಲಾಟ್‌ಪ್ಯಾಕ್ ರನ್’ ಬರೆದು ಓಡಿಸಿ. ಇಪ್ಪತ್ತು ಸೆಕೆಂಡ್ ಆದರೂ ಆಟ ನಡೆಯುತ್ತಿದ್ದರೆ ‘ಟೈಮ್‌ಔಟ್’ ಅದನ್ನು ನಿಲ್ಲಿಸಿ 124 ಅಂತ ಹೇಳುತ್ತೆ. ನಮಗೆ ಬೇಕಾದ ಉತ್ತರ 124. ಬೇರೆ ಏನೇ ಬಂದರೂ ಆಟ ತಾನಾಗೇ ಬಿದ್ದಿದೆ ಅಂತ ಅರ್ಥ. ಆಮೇಲೆ ‘ಫ್ಲಾಟ್‌ಪ್ಯಾಕ್ ಕಿಲ್’ ಕೂಡ ಒಂದು ಸಲ ಕೊಡಿ, ಹಿಂದೆ ಏನಾದರೂ ಉಳಿದಿದ್ದರೆ ಹೋಗಲಿ. ಹಾಗಂತ 124 ಬಂದದ್ದೆಲ್ಲ ಸರಿ ಇದೆ ಅಂತಲ್ಲ. ಆ ‘ನೋ ಗೇಮ್’ ಪರದೆಯೂ ಇಪ್ಪತ್ತು ಸೆಕೆಂಡ್ ನಿಂತಿತ್ತು. ಮೊದಲ ಸಲ ಪ್ರತಿ ಆಟವನ್ನೂ ನೀವೇ ತೆರೆದು, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ನೋಡಿ.

ಬೇರೆ ಯಂತ್ರಕ್ಕೆ ಒಯ್ಯಲು ‘ಫ್ಲಾಟ್‌ಪ್ಯಾಕ್ ಬಿಲ್ಡ್-ಬಂಡಲ್’ನಿಂದ ಒಂದೇ ಫೈಲ್ ಮಾಡಬಹುದು. ‘--ರನ್‌ಟೈಮ್-ರೆಪೊ’ದಲ್ಲಿ ಫ್ಲಾಟ್‌ಹಬ್ ವಿಳಾಸ ಕೊಟ್ಟರೆ ಆ ಯಂತ್ರ ರನ್‌ಟೈಮ್ ಅನ್ನು ತಾನೇ ತರಿಸಿಕೊಳ್ಳುತ್ತೆ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ನೆನಪಿರಲಿ.

ಒಯ್ಯುವುದು ನಿಮ್ಮದೇ ಯಂತ್ರಗಳಿಗೆ. ಆಟ ಮಾಡಿದವರಿಗೆ ನಾವು ಕೊಡುವ ಆ ಮುನ್ನೂರು ರೂಪಾಯಿಯೇ ಅವರ ಊಟ. ರಜೆ ಮುಗಿಸಿ ಹೊರಡುವಾಗ ಅಭಿ ಆ ಪಜಲ್ ಆಟ ಕೇಳಿದ. "ನೀನೂ ಕೊಂಡ್ಕೊ, ಡಬ್ಬಿ ಮಾಡೋ ಪಟ್ಟಿ ನಾನು ಕೊಡ್ತೀನಿ" ಅಂದೆ. ಪಟ್ಟಿ, ಅಚ್ಚು, ಸ್ಕ್ರಿಪ್ಟ್ ನನ್ನವು, ಅವನ್ನು ಧಾರಾಳವಾಗಿ ಹಂಚಬಹುದು. ಫ್ಲಾಟ್‌ಪ್ಯಾಕ್‌ನಲ್ಲಿ ‘ಎಕ್ಸ್‌ಟ್ರಾ-ಡೇಟಾ’ ಅನ್ನುವ ಸೋರ್ಸ್ ಟೈಪ್ ಕೂಡ ಇದೆ. ಅದರಲ್ಲಿ ಡಬ್ಬಿಯೊಳಗೆ ಆಟ ಇರುವುದಿಲ್ಲ, ವಿಳಾಸ, ಗಾತ್ರ, ಎಸ್‌ಎಚ್‌ಎ-256 ಮಾತ್ರ ಇರುತ್ತೆ. ಹಾಕಿಕೊಳ್ಳುವವರ ಯಂತ್ರವೇ ಆಟವನ್ನು ಇಳಿಸಿಕೊಳ್ಳುತ್ತೆ. ಎಲ್ಲರಿಗೂ ತೆರೆದ ವಿಳಾಸದಲ್ಲಿ ಸಿಗುವ ಆಟಕ್ಕೆ ಅದು ಚೆನ್ನ. ಲಾಗಿನ್ ಆಗಿ ಇಳಿಸಬೇಕಾದ ನಮ್ಮ ಆಟಗಳಿಗೆ ನಡೆಯುವುದಿಲ್ಲ.

ಅಭಿ ಅಪ್ಪನ ಹತ್ತಿರ ಕೇಳಿ ಆಟ ಕೊಂಡ. ದೀಪಾವಳಿ ಹೊತ್ತಿಗೆ ಅವನೇ ಪಟ್ಟಿಗೆ ಇನ್ನೊಂದು ಆಟ ಸೇರಿಸಿ ಕಳಿಸಿದ. ನೆಟ್‌ವರ್ಕ್ ಮುಂದೆ ‘ಬೇಡ’ ಅಂತ ಬರೆದಿದ್ದ.

31ರಲ್ಲಿ 29 ಮುಗಿದಿವೆ. ಉಳಿದ ಎರಡು 32-ಬಿಟ್ ಆಟಗಳು. ಅವಕ್ಕೆ ‘--ಅಲೌ=ಮಲ್ಟಿಆರ್ಚ್’ ಕೊಟ್ಟು, ಫ್ರೀಡೆಸ್ಕ್‌ಟಾಪ್‌ನ ‘ಕಂಪ್ಯಾಟ್.ಐ386’ ವಿಸ್ತರಣೆ ಮತ್ತು 32-ಬಿಟ್ ಗ್ರಾಫಿಕ್ಸ್ ಡ್ರೈವರ್ ವಿಸ್ತರಣೆ ಎರಡನ್ನೂ ಸೇರಿಸಬೇಕು. ಒಂದರಲ್ಲಿ ಪರದೆ ಬಂದಿದೆ, ಸದ್ದು ಇನ್ನೂ ಬಂದಿಲ್ಲ. ಈ ಭಾನುವಾರ ಅದಕ್ಕೆ ಕೂರುತ್ತೇನೆ.